ನಕ್ಷೆಯ ಮೇಲೆ ಗೂಬೆ ಕೂರಿಸಬೇಡಿ

ನಮ್ಮ ಆಫೀಸಿನ ಊಟದ ಟೇಬಲ್ ಸುತ್ತ ಇತ್ತೀಚೆಗೆ ಎಲ್ಲರೂ ಭೂಗೋಳ ಪಂಡಿತರೇ. ಹತ್ತು ನಿಮಿಷದ ಒಂದು ಯೂಟ್ಯೂಬ್ ವಿಡಿಯೋ, ಬಣ್ಣಬಣ್ಣದ ನಕ್ಷೆ, ಹಿಂದೆ ಒಂದು ಗಂಭೀರ ದನಿ. ಇಷ್ಟು ನೋಡಿದರೆ ಸಾಕು, ಯಾವ ದೇಶ ಯಾಕೆ ಹಿಂದುಳಿದಿದೆ ಅಂತ ಅನ್ನಕ್ಕೆ ಸಾರು ಕಲಸುವಷ್ಟರಲ್ಲಿ ತೀರ್ಪು ಹೊರಬೀಳುತ್ತೆ. ಮೊನ್ನೆ ಇಂಡೋನೇಷ್ಯಾದ ಸರದಿ. ‘17 ಸಾವಿರ ದ್ವೀಪ ಗುರೂ, ಎಲ್ಲಾ ಚೆಲ್ಲಾಪಿಲ್ಲಿ. ಅಂಥ ದೇಶ ಉದ್ಧಾರ ಆಗೋದು ಹೆಂಗೆ?’ ಅಂತ ಒಬ್ಬ. ‘ದ್ವೀಪ ಅಲ್ಲ, ಜನಸಂಖ್ಯೆ ಜಾಸ್ತಿ, ಅದೇ ಪ್ರಾಬ್ಲಮ್ಮು’ ಅಂತ ಇನ್ನೊಬ್ಬ. ಮೂರನೆಯವನು ಆಶಾವಾದಿ. ‘ಅಷ್ಟು ಜನ ಯುವಕರಿದ್ದಾರೆ, ಸಿಂಗಾಪುರದ ಪಕ್ಕದಲ್ಲೇ ಇದ್ದಾರೆ, ಇನ್ನು ಇಪ್ಪತ್ತು ವರ್ಷ ಬಿಟ್ಟು ನೋಡು’ ಅಂದ.

ಮೂವರೂ ಬೇರೆಬೇರೆ ಮಾತಾಡಿದ ಹಾಗೆ ಕಾಣುತ್ತೆ. ನನ್ನ ಪ್ರಕಾರ ಮೂವರೂ ಹೇಳಿದ್ದು ಒಂದೇ: ಆಗೋದು ಆಗುತ್ತೆ, ನಕ್ಷೆಯಲ್ಲಿ ಬರೆದುಬಿಟ್ಟಿದೆ. ನಮ್ಮ ಅಜ್ಜಿ ಹಣೆಬರಹ ಅಂದರೆ ಮೂಢನಂಬಿಕೆ, ನಾವು ಅದನ್ನೇ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು ಹೇಳಿದರೆ ಅನಾಲಿಸಿಸ್ಸು! ಸಮುದ್ರ, ದ್ವೀಪ, ಜನ ಇವೆಲ್ಲ ಲೆಕ್ಕಕ್ಕಿಲ್ಲ ಅಂತ ನಾನು ವಾದ ಮಾಡ್ತಿಲ್ಲ. ಖಂಡಿತಾ ಲೆಕ್ಕಕ್ಕಿವೆ. ಆದರೆ ಎಲ್ಲದಕ್ಕೂ ನಕ್ಷೆಯೇ ಕಾರಣ ಅಂದುಬಿಟ್ಟರೆ ಯಾರು ಯಾವಾಗ ಯಾವ ನಿರ್ಧಾರ ತಗೊಂಡರು ಅನ್ನೋ ಪ್ರಶ್ನೆಯೇ ಉಳಿಯೋದಿಲ್ಲ. ಇಂಡೋನೇಷ್ಯಾದ ಮಟ್ಟಿಗೆ ಅಂಥ ನಿರ್ಧಾರಗಳ ದೊಡ್ಡ ಪಟ್ಟಿಯೇ ಇದೆ.

ಮೊದಲು ಅಂಕಿ ನೋಡೋಣ. 2020ರ ಜನಗಣತಿ ಪ್ರಕಾರ ಆ ದೇಶದ ಜನಸಂಖ್ಯೆ ಸುಮಾರು 27 ಕೋಟಿ. ಅದರಲ್ಲಿ 56% ಜನ, ಅಂದರೆ 15 ಕೋಟಿ ಮಂದಿ, ಜಾವಾ ಅನ್ನೋ ಒಂದೇ ದ್ವೀಪದಲ್ಲಿದ್ದಾರೆ. ಜಾವಾ ದೇಶದ ನೆಲದ ಕೇವಲ 7% ಚಿಲ್ಲರೆ. ನಮಗೆ ಅರ್ಥ ಆಗೋ ಹಾಗೆ ಹೇಳೋದಾದರೆ, ಜಾವಾ ಕರ್ನಾಟಕದ ಮೂರನೇ ಎರಡರಷ್ಟು ದೊಡ್ಡದು. 2011ರ ಗಣತಿಯಲ್ಲಿ ಕರ್ನಾಟಕದಲ್ಲಿದ್ದದ್ದು 6.1 ಕೋಟಿ. ಇತ್ತ ಮಲುಕು, ಪಪುವಾ ಸೇರಿಸಿದರೆ ದೇಶದ ಕಾಲು ಭಾಗ ನೆಲ ಆಗುತ್ತೆ, ಅಲ್ಲಿರೋ ಜನ ನೂರಕ್ಕೆ ಮೂರು. ದೇಶದ ಒಟ್ಟು ಉತ್ಪನ್ನದಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ಜಾವಾದ್ದೇ.

ಅಂದಮೇಲೆ ‘ಜನಸಂಖ್ಯೆ ಜಾಸ್ತಿ’ ಅನ್ನೋ ಮಾತಿಗೆ ಏನರ್ಥ? ಎಲ್ಲಿ ಜಾಸ್ತಿ? ಒಂದು ಕಡೆ ಕಾಲಿಡೋಕೆ ಜಾಗ ಇಲ್ಲ, ಇನ್ನೊಂದು ಕಡೆ ಒಂದು ಹೈಸ್ಕೂಲು ನಡೆಸೋಕೆ ಬೇಕಾದಷ್ಟು ಮಕ್ಕಳು ಒಂದೂರಲ್ಲಿ ಸಿಗಲ್ಲ. ಒಟ್ಟು ಸಂಖ್ಯೆ ಹಿಡಿದು ಮಾತಾಡೋದು ಅಂದರೆ, ತಲೆ ಒಲೆ ಮೇಲೆ, ಕಾಲು ಐಸಿನ ಮೇಲೆ ಇಟ್ಟವನಿಗೆ ಸರಾಸರಿ ನೀನು ಆರಾಮಾಗಿದ್ದೀಯ ಅಂದ ಹಾಗೆ.

ಜಾವಾದಲ್ಲೇ ಯಾಕೆ ಇಷ್ಟು ಜನ? ಇಲ್ಲಿ ಭೂಗೋಳಕ್ಕೆ ಅದರ ಪಾಲು ಕೊಟ್ಟುಬಿಡೋಣ. ಮೆರಾಪಿ, ಸೆಮೆರು, ಕೆಲುದ್‌ನಂಥ ಜ್ವಾಲಾಮುಖಿಗಳ ಬೂದಿ ಬಿದ್ದ ಮಣ್ಣು, ಮಳೆ, ಮೇಲಿಂದ ಕೆಳಗಿನ ತನಕ ಮೆಟ್ಟಿಲು ಮೆಟ್ಟಿಲು ಭತ್ತದ ಗದ್ದೆ. ಕಾಲಿಮಂತಾನಿನಲ್ಲಿ ಆ ಮಣ್ಣಿಲ್ಲ, ಜೌಗು ಜಾಸ್ತಿ. ಇದು ನಿಜವೇ. ಆದರೆ ಒಳ್ಳೆ ಮಣ್ಣಿದ್ದಲ್ಲಿ ರೈತರು ಜಾಸ್ತಿ ಇರೋದು ಒಂದು, ಒಂದೂವರೆ ಶತಮಾನ ಕಳೆದ ಮೇಲೂ ಬೈಕ್ ಫ್ಯಾಕ್ಟರಿ, ಬ್ಯಾಂಕು, ಸಾಫ್ಟ್‌ವೇರು ಎಲ್ಲಾ ಅಲ್ಲೇ ಇರೋದು ಇನ್ನೊಂದು. ಬೈಕಿಗೂ ಜ್ವಾಲಾಮುಖಿ ಬೂದಿಗೂ ಏನು ಸಂಬಂಧ? ನಡುವೆ ಡಚ್ಚರಿದ್ದಾರೆ. 1808ರಲ್ಲಿ ಬಂದ ಡಾಂಡೆಲ್ಸ್ ಜಾವಾದ ಈ ತುದಿಯಿಂದ ಆ ತುದಿಗೆ ರಸ್ತೆ ಮಾಡಿಸಿದ, ಬಿಟ್ಟಿ ದುಡಿಮೆಯಲ್ಲಿ. 1830ರಿಂದ ರೈತರ ನೆಲದ ಒಂದು ಪಾಲಿನಲ್ಲಿ ಸರ್ಕಾರಕ್ಕೆ ಕಬ್ಬು, ಕಾಫಿ, ನೀಲಿ ಬೆಳೆದುಕೊಡಬೇಕು ಅಂತ ಕಟ್ಟುಪಾಡು ತಂದರು. ಸಕ್ಕರೆ ಕಾರ್ಖಾನೆ, ರೈಲು, ಬಂದರು ಬಹುಪಾಲು ಜಾವಾದಲ್ಲೇ ಕಟ್ಟಿದರು. ಉಳಿದ ದ್ವೀಪಗಳು ಅಗೆದು, ಕಡಿದು, ಸಾಗಿಸೋಕೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ ಜಕಾರ್ತಾದಲ್ಲಿ ಕೂತವರು ಅದೇ ನಕ್ಷೆ ಮುಂದಿಟ್ಟುಕೊಂಡು ಕೂತರು.

ಈಗ ಲಾರಿ ವಿಷಯಕ್ಕೆ ಬರ್ತೀನಿ. ಹಡಗಿನ ಮಾತಿನ ನಡುವೆ ಲಾರಿ ಎಲ್ಲಿಂದ ಬಂತು ಅನ್ನಬೇಡಿ, ಸಮುದ್ರ ವ್ಯಾಪಾರದ ಗುಟ್ಟು ನನಗೆ ಅರ್ಥ ಆಗಿದ್ದೇ ಲಾರಿಯಿಂದ. ನಾನು ಹಾವೇರಿ ಜಿಲ್ಲೆ ಹಿರೇಕೆರೂರು ತಾಲೂಕಿನ ಹಳ್ಳಿಯವನು. ಸುಗ್ಗಿ ಟೈಮಿನಲ್ಲಿ ಗೋವಿನಜೋಳ ಹೇರಿಕೊಂಡು ಲಾರಿ ರಾಣೆಬೆನ್ನೂರಿಗೋ ದಾವಣಗೆರೆಗೋ ಹೋಗುತ್ತೆ. ಬಾಡಿಗೆ ಮಾತಾಡೋವಾಗ ಲಾರಿಯವನು ಮೊದಲು ಕೇಳೋದು ದೂರ ಎಷ್ಟು ಅಂತ ಅಲ್ಲ, ಬರುವಾಗ ಲೋಡ್ ಸಿಗುತ್ತಾ ಅಂತ. ಗೊಬ್ಬರವೋ ಸಿಮೆಂಟೋ ಸಿಕ್ಕರೆ ಬಾಡಿಗೆ ಒಂದು, ಸಿಗದಿದ್ದರೆ ಇನ್ನೊಂದು. ನಮ್ಮ ಕಾಕಾ ಒಬ್ಬರು ಲಾರಿ ಇಟ್ಟಿದ್ದರು. ಯಾರಾದರೂ ಜಾಸ್ತಿ ಆಯ್ತು ಅಂತ ತಕರಾರು ತೆಗೆದರೆ, ‘ಬರೂವಾಗ ಖಾಲಿ ಬರಬೇಕಲ್ರೀ, ಅದರ ಡೀಸೆಲ್ ಯಾರ ಕೊಡ್ತಾರ?’ ಅಂತಿದ್ದರು. ಕೊಡೋರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಮಾಲು ತರಿಸಿಕೊಂಡವನು.

ಹಡಗಿಗೂ ಇದೇ ಲೆಕ್ಕ. ಸುರಬಾಯಾ ಬಂದರಿನಿಂದ ಪೂರ್ವದ ಅಂಬೋನಿಗೋ ಕುಪಾಂಗಿಗೋ ಹೋಗೋ ಹಡಗಿನ ತುಂಬ ಸೋಪು, ಬಟ್ಟೆ, ಬೈಕು, ಔಷಧಿ, ಪ್ಲಾಸ್ಟಿಕ್ ಕುರ್ಚಿ. ವಾಪಸ್ ಬರುವಾಗ? ಒಂದಷ್ಟು ಕೊಬ್ಬರಿ, ಲವಂಗ, ಮೀನು, ಮಿಕ್ಕಿದ್ದು ಖಾಲಿ ಕಂಟೇನರು. ಖಾಲಿ ಕಂಟೇನರಿನ ಬಾಡಿಗೆ ಅಂಬೋನಿನ ಅಂಗಡಿಯಲ್ಲಿ ಸೋಪು ಕೊಳ್ಳೋ ಹೆಂಗಸಿನ ತಲೆ ಮೇಲೆ. ಅದೇ ಜಕಾರ್ತಾ–ಸಿಂಗಾಪುರದ ನಡುವೆ ಎರಡೂ ಕಡೆ ಮಾಲಿದೆ, ದೊಡ್ಡ ಹಡಗುಗಳಿವೆ, ಪೈಪೋಟಿ ಇದೆ. ಹಾಗಾಗಿ ಸುಮಾತ್ರಾದ ಪಡಾಂಗಿನಿಂದ ಜಕಾರ್ತಾಕ್ಕೆ ಕಂಟೇನರ್ ತರಿಸೋದಕ್ಕಿಂತ ಪರದೇಶವಾದ ಸಿಂಗಾಪುರದಿಂದ ತರಿಸೋದು ಅಗ್ಗ ಅನ್ನೋದು ಅಲ್ಲಿನ ವ್ಯಾಪಾರಿಗಳ ಹಳೆಯ ಗೋಳು. ಸಮುದ್ರ ಎರಡೂ ಕಡೆ ಅದೇ ಸಮುದ್ರ, ನೀರು ಅದೇ ಉಪ್ಪು ನೀರು. ಇದರಲ್ಲಿ ನಕ್ಷೆಯ ತಪ್ಪೇನು ಬಂತು?

ಇದನ್ನು ನಾನು ಪುಸ್ತಕದಲ್ಲಿ ಓದೋದಕ್ಕೆ ಮುಂಚೆ ಒಂದು ಡೇಟಾಬೇಸ್ ಟೇಬಲ್ಲಿನಲ್ಲಿ ನೋಡಿದ್ದೆ. ಅಲ್ಲಿನ ಒಂದು ಆನ್‌ಲೈನ್ ಅಂಗಡಿಯ ಪೇಮೆಂಟ್ ಪುಟದ ಕೆಲಸ ನಮ್ಮ ಟೀಮಿಗೆ ಬಂದಿತ್ತು. ಊರಿನ ಕೋಡ್ ಹಾಕಿದರೆ ಡೆಲಿವರಿ ಚಾರ್ಜ್ ತೋರಿಸಬೇಕು, ಅಷ್ಟೇ. ಟೆಸ್ಟ್ ಮಾಡೋವಾಗ ಪಪುವಾದ ಒಂದು ಊರಿನ ಕೋಡ್ ಹಾಕಿದರೆ ಟೀ ಶರ್ಟಿನ ಬೆಲೆಗಿಂತ ಡೆಲಿವರಿ ಚಾರ್ಜ್ ಜಾಸ್ತಿ ಬಂತು. ಬಗ್ ಅಂತ ಟಿಕೆಟ್ ಹಾಕಿದ್ದಾಯ್ತು. ಜಕಾರ್ತಾದ ಹುಡುಗಿ ಉತ್ತರ ಬರೆದಳು, ‘ಸರ್, ಸರಿಯಾಗೇ ಇದೆ.’ ಅಲ್ಲಿನ ಆನ್‌ಲೈನ್ ಅಂಗಡಿಗಳಲ್ಲಿ ‘ಉಚಿತ ಡೆಲಿವರಿ, ಜಾವಾಕ್ಕೆ ಮಾತ್ರ’ ಅಂತ ಬರೆಯೋದು ನಮ್ಮಲ್ಲಿ ‘ಷರತ್ತುಗಳು ಅನ್ವಯ’ ಅಂತ ಬರೆದಷ್ಟೇ ಮಾಮೂಲು.

ಹಾಗಾದರೆ ಇದು ಯಾವಾಗಲೂ ಹೀಗೇ ಇತ್ತಾ? ಇರಲಿಲ್ಲ. ‘ದ್ವೀಪ ಚೆಲ್ಲಾಪಿಲ್ಲಿ’ ಅನ್ನೋರು ಇಲ್ಲಿ ಸ್ವಲ್ಪ ಗಮನ ಕೊಡಿ. ಜಾಯಿಕಾಯಿ ಬೆಳೆಯುತ್ತಿದ್ದ ಪುಟ್ಟ ಬಾಂಡಾ ದ್ವೀಪಗಳಿಗೆ ಜಾವಾದಿಂದ ಅಕ್ಕಿ ಬರುತ್ತಿತ್ತು, ನಮ್ಮ ಗುಜರಾತಿನಿಂದ, ಕೋರಮಂಡಲ ತೀರದಿಂದ ಬಟ್ಟೆ ಬರುತ್ತಿತ್ತು. ಹಡಗುಗಳು ಮಸಾಲೆ ತುಂಬಿಕೊಂಡು ವಾಪಸಾಗುತ್ತಿದ್ದವು. ಹೋಗೋವಾಗಲೂ ಲೋಡು, ಬರೋವಾಗಲೂ ಲೋಡು. ಸುಲಾವೆಸಿಯ ಮಕಾಸರ್ ಬಂದರು ಎಲ್ಲರಿಗೂ ಬಾಗಿಲು ತೆರೆದಿಟ್ಟೇ ಬೆಳೆದದ್ದು. ಆಗಲೂ ಅಷ್ಟೇ ದ್ವೀಪಗಳಿದ್ದವು, ಅಷ್ಟೇ ದೂರ ಇತ್ತು, ಹಡಗಿಗೆ ಗಾಳಿ ಬಿಟ್ಟರೆ ಬೇರೆ ಎಂಜಿನ್ ಇರಲಿಲ್ಲ. 1621ರಲ್ಲಿ ಡಚ್ ಕಂಪನಿಯ ಕೂನ್ ಬಾಂಡಾಕ್ಕೆ ನುಗ್ಗಿದ. ಅಲ್ಲಿನ ಬಹುಪಾಲು ಜನ ಸತ್ತರು, ಇಲ್ಲಾ ಗುಲಾಮರಾದರು, ಇಲ್ಲಾ ಓಡಿಹೋದರು. 1660ರ ದಶಕ ಮುಗಿಯೋದರೊಳಗೆ ಮಕಾಸರ್ ಕೂಡ ಬಿತ್ತು. ಮಸಾಲೆ ಇನ್ನು ಒಬ್ಬನಿಗೇ ಮಾರಬೇಕು, ಒಂದೇ ಕಡೆ ಹೋಗಬೇಕು. 1888ರಲ್ಲಿ ಡಚ್ಚರು ದ್ವೀಪಗಳ ನಡುವಿನ ಓಡಾಟಕ್ಕೇ ಅಂತ ಕೆಪಿಎಂ ಅನ್ನೋ ಹಡಗು ಕಂಪನಿ ಮಾಡಿದರು. ಹೊರ ದ್ವೀಪಗಳ ವ್ಯಾಪಾರ ಸಿಂಗಾಪುರಕ್ಕೆ ಹೋಗದೆ ಜಾವಾಕ್ಕೇ ಬರಬೇಕು ಅನ್ನೋದು ಅದರ ಲೆಕ್ಕಾಚಾರ. ನಾವು ಇವತ್ತು ನಕ್ಷೆಯಲ್ಲಿ ನೋಡಿ ‘ಸಹಜ’ ಅಂದುಕೊಳ್ಳೋ ಹಡಗಿನ ದಾರಿಗಳು ಕಂಪನಿಯ ಆಫೀಸಿನಲ್ಲಿ ಕೂತು ಗೆರೆ ಎಳೆದವು.

1957ರ ಡಿಸೆಂಬರ್ ಒಂದು ವಿಚಿತ್ರ ತಿಂಗಳು. ಅದೇ ತಿಂಗಳು 13ರಂದು ಪ್ರಧಾನಿ ಜುವಾಂಡಾ, ನಮ್ಮ ದ್ವೀಪಗಳ ನಡುವಿನ ಸಮುದ್ರವೆಲ್ಲ ನಮ್ಮದೇ ಅಂತ ಘೋಷಣೆ ಮಾಡಿದರು. ಅಲ್ಲಿಯವರೆಗೆ ಪ್ರತಿ ದ್ವೀಪದ ಸುತ್ತ 3 ನಾಟಿಕಲ್ ಮೈಲಿ ಬಿಟ್ಟರೆ ಮಿಕ್ಕಿದ್ದು ಯಾರದೂ ಅಲ್ಲದ ಸಮುದ್ರ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಲ್ಲಿ ಜಗತ್ತು ಈ ವಾದ ಒಪ್ಪಿತು, ದೊಡ್ಡ ಗೆಲುವು. ಆದರೆ ಅದೇ ಡಿಸೆಂಬರಿನಲ್ಲಿ ಡಚ್ ಆಸ್ತಿಗಳನ್ನು ವಶಪಡಿಸಿಕೊಳ್ಳೋ ಗದ್ದಲದಲ್ಲಿ ಕೆಪಿಎಂ ತನ್ನ ಹಡಗುಗಳನ್ನು ಎತ್ತಿಕೊಂಡು ಹೋಯಿತು. ಸರ್ಕಾರಿ ಹಡಗು ಕಂಪನಿ ಪೆಲ್ನಿ ಇನ್ನೂ ಐದು ವರ್ಷದ ಕೂಸು. ಸಮುದ್ರದ ಹಕ್ಕುಪತ್ರ ಕೈಗೆ ಬಂತು, ಓಡಾಡೋಕೆ ದೋಣಿ ಇಲ್ಲ. ಪಹಣಿಯಲ್ಲಿ ಹೆಸರಿದ್ದು ಹೊಲಕ್ಕೆ ದಾರಿ ಇಲ್ಲದವರ ಪಾಡು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು.

‘ಆದರೆ ಹೊರ ದ್ವೀಪಗಳಿಂದ ಕಲ್ಲಿದ್ದಲು, ಪಾಮ್ ಎಣ್ಣೆ, ನಿಕ್ಕೆಲ್ ಎಲ್ಲಾ ಹೋಗುತ್ತಲ್ಲ, ಖಾಲಿ ಹೇಗೆ?’ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಇಡೀ ಕತೆಯ ತಿರುಳು ಇರೋದೇ ಇಲ್ಲಿ. ಅಲ್ಲಿರೋದು ಎರಡು ಬೇರೆಬೇರೆ ಸಮುದ್ರ ವ್ಯವಸ್ಥೆ, ಒಂದರ ಮುಖ ಇನ್ನೊಂದು ನೋಡಲ್ಲ. ಜಾವಾದಿಂದ ಕಂಟೇನರ್ ಹಡಗು ತುಂಬಿ ಬಂದು ಖಾಲಿ ಹೋಗುತ್ತೆ. ಕಾಲಿಮಂತಾನಿನ ಗಣಿಯ ಕಲ್ಲಿದ್ದಲು ಹೊರೋ ಹಡಗು ಖಾಲಿ ಬಂದು ತುಂಬಿ ಹೋಗುತ್ತೆ, ಅದೂ ಜಾವಾಕ್ಕಿಂತ ಹೆಚ್ಚಾಗಿ ಚೀನಾಕ್ಕೆ, ಭಾರತಕ್ಕೆ. ಕಲ್ಲಿದ್ದಲಿನ ಹಡಗಿನಲ್ಲಿ ಬರುವಾಗ ಸೋಪು, ಸಕ್ಕರೆ ತರೋಕಾಗಲ್ಲ. ಹಾಗಾಗಿ ಒಂದೇ ದ್ವೀಪದಿಂದ ಕೋಟಿಗಟ್ಟಲೆ ಟನ್ ಮಾಲು ಹೊರಗೆ ಹೋಗುತ್ತೆ, ಅದೇ ದ್ವೀಪಕ್ಕೆ ಬರೋ ಸೋಪಿನ ಬಾಡಿಗೆ ಮಾತ್ರ ಇಳಿಯಲ್ಲ. ಎರಡು ಹಡಗುಗಳೂ ಅರ್ಧ ದಾರಿ ಖಾಲಿ.

ಈ ಎರಡನೇ ವ್ಯವಸ್ಥೆಯ ಗಿರಾಕಿಗಳು ನಾವೇ. ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲದ ನಮ್ಮ ರಾಜ್ಯದಲ್ಲಿ, ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟಿದ್ದೇ ವಿದೇಶಿ ಕಲ್ಲಿದ್ದಲು ನಂಬಿಕೊಂಡು. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿದಾಗ ಇಲ್ಲಿ ಬಜ್ಜಿ ಅಂಗಡಿಯವರಿಂದ ಬಿಸ್ಕತ್ ಕಂಪನಿಯವರೆಗೆ ಎಲ್ಲರೂ ಒಂದು ತಿಂಗಳು ಟೀವಿ ನೋಡಿಕೊಂಡು ಕೂತಿದ್ದರು. ಅವರು ಯಾಕೆ ನಿಲ್ಲಿಸಿದ್ದು ಗೊತ್ತಾ? ಜಗತ್ತಿಗೇ ಅತಿ ಹೆಚ್ಚು ಪಾಮ್ ಎಣ್ಣೆ ಕೊಡೋ ದೇಶದ ಒಳಗೇ ಅಡುಗೆ ಎಣ್ಣೆ ತುಟ್ಟಿಯಾಗಿ, ಜನ ಕ್ಯೂ ನಿಂತಿದ್ದರು.

ಪಪುವಾದ ಕತೆ ಇನ್ನೂ ಖಾರ. ಗ್ರಾಸ್‌ಬರ್ಗ್‌ನಲ್ಲಿ ಜಗತ್ತಿನ ಅತಿ ದೊಡ್ಡ ಚಿನ್ನ–ತಾಮ್ರದ ಗಣಿಗಳಲ್ಲೊಂದಿದೆ. ಅಲ್ಲಿನ ಅದಿರನ್ನು ಕೊಳವೆಯಲ್ಲಿ ಬೆಟ್ಟ ಇಳಿಸಿ, ಸಮುದ್ರ ತೀರಕ್ಕೆ ತಂದು, ಹಡಗಿಗೆ ಹಾಕ್ತಾರೆ. ದೇಶದೊಳಗೆ ಅದನ್ನು ಕರಗಿಸೋ ಕುಲುಮೆ ಎಲ್ಲಿ ಕಟ್ಟಿದರು? ಜಾವಾದ ಗ್ರೆಸಿಕ್‌ನಲ್ಲಿ. ಮೊದಲನೆಯದೂ ಅಲ್ಲೇ, 2024ರಲ್ಲಿ ಉದ್ಘಾಟನೆಯಾದ ಹೊಸ ದೊಡ್ಡದೂ ಅಲ್ಲೇ. ಅದೇ ಪಪುವಾದ ಎತ್ತರದ ಊರುಗಳಲ್ಲಿ, 2016ರಲ್ಲಿ ಅಧ್ಯಕ್ಷ ಜೋಕೊವಿ ‘ದೇಶಕ್ಕೆಲ್ಲ ಒಂದೇ ಪೆಟ್ರೋಲ್ ದರ’ ಅಂತ ಹೇಳೋವರೆಗೆ, ಜಾವಾದಲ್ಲಿ ಲೀಟರಿಗೆ 6,450 ರುಪಿಯಾ ಇದ್ದ ಪೆಟ್ರೋಲನ್ನು ಎಂಟು ಹತ್ತು ಪಟ್ಟು ಕೊಟ್ಟು ಕೊಳ್ಳುತ್ತಿದ್ದರು. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು: ಆ ಬೆಲೆಗೆ ಸಮುದ್ರ ಕಾರಣ ಅಲ್ಲವೇ ಅಲ್ಲ. ಅವು ಬೆಟ್ಟದ ಊರುಗಳು, ರಸ್ತೆ ಇಲ್ಲದೆ ವಿಮಾನದಲ್ಲಿ ಡಬ್ಬಿ ಸಾಗಿಸಬೇಕಿತ್ತು. ಬೆಟ್ಟದಿಂದ ಅದಿರು ಇಳಿಸೋಕೆ ಕೊಳವೆ ಹಾಕೋಕಾಗುತ್ತೆ ಅಂದಮೇಲೆ, ಬೆಟ್ಟಕ್ಕೆ ಪೆಟ್ರೋಲ್ ಹತ್ತಿಸೋಕೆ ಅಷ್ಟು ದಶಕ ಯಾಕೆ ಹಿಡೀತು ಅನ್ನೋದಕ್ಕೆ ಯಾವ ಭೂಗೋಳದ ವಿಡಿಯೋದಲ್ಲೂ ಉತ್ತರ ಇಲ್ಲ.

ಇನ್ನು ಜನಸಂಖ್ಯೆಯ ವಾದ. ಜಾವಾದಲ್ಲಿ ಜನ ಜಾಸ್ತಿ, ಹೊರಗೆ ಜಾಗ ಜಾಸ್ತಿ, ಹಾಗಾದರೆ ಜನರನ್ನೇ ಎತ್ತಿ ಅಲ್ಲಿಗೆ ಹಾಕೋಣ ಅನ್ನೋ ಐಡಿಯಾ ಬಂದದ್ದು 1905ರಲ್ಲಿ, ಡಚ್ಚರ ತಲೆಯಲ್ಲಿ. ಸುಹಾರ್ತೊ ಕಾಲದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಲಕ್ಷಾಂತರ ಕುಟುಂಬಗಳನ್ನು ಹಾಗೇ ಸಾಗಿಸಿದರು. ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಮಿನಿಂದ ಕತ್ತರಿಸಿ ಇನ್ನೊಂದರಲ್ಲಿ ಅಂಟಿಸಿದ ಹಾಗೆ. ಏನಾಯ್ತು? 1971ರಲ್ಲಿ 7.6 ಕೋಟಿ ಇದ್ದ ಜಾವಾ 2020ಕ್ಕೆ ಅದರ ಎರಡರಷ್ಟಾಯ್ತು. 90ರ ದಶಕದಲ್ಲಿ ಕಾಲಿಮಂತಾನಿನ ಜೌಗಿನಲ್ಲಿ 10 ಲಕ್ಷ ಹೆಕ್ಟೇರ್ ಭತ್ತ ಬೆಳೀತೀವಿ ಅಂತ ಕಾಲುವೆ ತೋಡಿದರು. ಭತ್ತ ಬರಲಿಲ್ಲ, ನೀರು ಬಸಿದ ಆ ನೆಲ 1997ರಲ್ಲಿ ಹೊತ್ತಿ ಉರೀತು, ಹೊಗೆ ಸಿಂಗಾಪುರದವರೆಗೆ ಹೋಯ್ತು. 2001ರಲ್ಲಿ ಸಂಪಿತ್ ಊರಿನ ಸುತ್ತ ಮೂಲ ನಿವಾಸಿ ದಯಾಕರಿಗೂ ಮದುರಾದಿಂದ ಬಂದು ನೆಲೆಸಿದವರಿಗೂ ನಡೆದ ಕಗ್ಗೊಲೆಯಲ್ಲಿ ನೂರಾರು ಜನ ಹೋದರು. ಹೊಟ್ಟೆಪಾಡಿಗೆ ಊರು ಬಿಡೋದು ಏನು ಅಂತ ನಮ್ಮಂಥವರಿಗೆ ಗೊತ್ತು. ಕೆಲಸ ಇದ್ದ ಕಡೆ ಜನ ಯಾರೂ ಹೇಳದೆ ಹೋಗ್ತಾರೆ. ನಾನು ಬೆಂಗಳೂರಿಗೆ ಬಂದದ್ದು ಸರ್ಕಾರದ ಸ್ಕೀಮಿನಲ್ಲಲ್ಲ.

ಹೆಚ್ಚು ಹುಟ್ಟೋದರ ಬಗ್ಗೆ ಚಿಂತೆ ಇರೋರಿಗೆ ಒಂದು ಸಮಾಧಾನ. 1960ರ ದಶಕದ ಕೊನೆಯಲ್ಲಿ ಅಲ್ಲಿ ಒಬ್ಬ ತಾಯಿಗೆ ಸರಾಸರಿ 5.6 ಮಕ್ಕಳು, ಈಗ ಎರಡರ ಆಸುಪಾಸು. ಅವರ ‘ಎರಡು ಮಕ್ಕಳು ಸಾಕು’ ಕಾರ್ಯಕ್ರಮ ನಮ್ಮದಕ್ಕಿಂತ ಚೆನ್ನಾಗೇ ನಡೆದಂತಿದೆ. 2020ರ ಗಣತಿಯಲ್ಲಿ ನೂರಕ್ಕೆ 70 ಜನ ದುಡಿಯೋ ವಯಸ್ಸಿನವರು. ಆ ಆಶಾವಾದಿ ಗೆಳೆಯ ಹೇಳೋ ‘ಡಿವಿಡೆಂಡ್’ ಇದೇ. ಆದರೆ ದುಡಿಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಂಬಳದ ಚೀಟಿಯೇ ಇಲ್ಲ. ಬೈಕ್ ಟ್ಯಾಕ್ಸಿ ಓಡಿಸೋದು, ತಳ್ಳುಗಾಡಿ, ಹಾಂಗ್‌ಕಾಂಗ್, ಮಲೇಷ್ಯಾದಲ್ಲಿ ಮನೆಗೆಲಸ. ಡಿವಿಡೆಂಡ್ ಬರೋದು ಬಂಡವಾಳ ಹೂಡಿದವರಿಗೆ ಅಲ್ವಾ?

ಜೋಕೊವಿ 2014ರಲ್ಲಿ ಅಧಿಕಾರಕ್ಕೆ ಬಂದಾಗ, ನಾವು ಬಹಳ ಕಾಲ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದೆವು ಅಂತ ಹೇಳಿದ್ದು ನನಗೆ ಇಷ್ಟವಾಗಿತ್ತು. ಮರುವರ್ಷವೇ ಸಬ್ಸಿಡಿ ಹಡಗುಗಳು ಶುರುವಾದವು. ಖಾಲಿ ಬಂದರೂ ಚಿಂತೆ ಇಲ್ಲ, ವೇಳಾಪಟ್ಟಿ ಪ್ರಕಾರ ಪೂರ್ವದ ದ್ವೀಪಗಳಿಗೆ ಹೋಗಿ ಬರೋ ಹಡಗುಗಳು. ಒಳ್ಳೆಯದೇ, ಸೋಪಿನ ಬೆಲೆ ಒಂಚೂರು ಇಳಿದರೂ ಪುಣ್ಯ. ಆದರೆ ಬರುವಾಗಿನ ಲೋಡಿನ ಗೋಳು ಈ ಹಡಗುಗಳಿಗೂ ತಪ್ಪಲಿಲ್ಲ. ತಪ್ಪೋದಾದರೂ ಹೇಗೆ? ಹಡಗು ಲೋಡನ್ನು ಹೊರುತ್ತೆ, ಹುಟ್ಟಿಸಲ್ಲ.

ನಿಕ್ಕೆಲ್ ವಿಷಯದಲ್ಲಿ ಮಾತ್ರ ಅವರು ಬೇರೆ ಆಟ ಆಡಿದರು. 2020ರ ಜನವರಿಯಿಂದ ಕಚ್ಚಾ ಅದಿರು ಹೊರಗೆ ಕಳಿಸಲ್ಲ, ಬೇಕಿದ್ದರೆ ಇಲ್ಲೇ ಬಂದು ಕಾರ್ಖಾನೆ ಹಾಕಿ ಅಂದರು. ಯುರೋಪಿನವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು, 2022ರಲ್ಲಿ ತೀರ್ಪು ಇಂಡೋನೇಷ್ಯಾದ ವಿರುದ್ಧವೇ ಬಂತು, ಇವರು ಕೇಳಲಿಲ್ಲ. ಕಾರ್ಖಾನೆಗಳು ಬಂದವು, ಅದೂ ಜಾವಾದಲ್ಲಿ ಅಲ್ಲ, ಸುಲಾವೆಸಿಯ ಮೊರೊವಾಲಿಯಲ್ಲಿ, ಹಲ್ಮಹೇರಾದಲ್ಲಿ. ಈಗ ಜಗತ್ತಿನ ಗಣಿಗಳಿಂದ ಬರೋ ನಿಕ್ಕೆಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರದ್ದು. ದ್ವೀಪ ಅಲುಗಾಡಲಿಲ್ಲ, ಜನಸಂಖ್ಯೆ ಬದಲಾಗಲಿಲ್ಲ, ಒಂದು ನಿಯಮ ಬದಲಾಯ್ತು. ‘ಭೂಗೋಳವೇ ವಿಧಿ’ ಅನ್ನೋರು ಇದಕ್ಕೆ ಏನಂತಾರೋ ಕೇಳಬೇಕು. ಹಾಗಂತ ಮೊರೊವಾಲಿ ಸ್ವರ್ಗ ಅಂತ ನಾನು ಹೇಳಲ್ಲ. ಬಂಡವಾಳ ಬಹುತೇಕ ಚೀನಾದ್ದು, ಕುಲುಮೆ ಉರಿಯೋದು ಕಲ್ಲಿದ್ದಲಿನಿಂದ, ನದಿ–ಸಮುದ್ರ ಕೆಂಪಾದವು ಅಂತ ಮೀನುಗಾರರ ದೂರು. 2023ರ ಡಿಸೆಂಬರಿನಲ್ಲಿ ಒಂದು ಕುಲುಮೆ ಸಿಡಿದು 21 ಜನ ಕೆಲಸಗಾರರು ಸತ್ತರು. ಆದರೆ ಇವೂ ಯಾರೋ ತಗೊಂಡ ನಿರ್ಧಾರಗಳೇ. ಅವರನ್ನು ಹೆಸರಿಟ್ಟು ಪ್ರಶ್ನೆ ಕೇಳಬಹುದು. ಜ್ವಾಲಾಮುಖಿಯನ್ನು ಕೇಳೋಕಾಗಲ್ಲ.

ಈಗ ರಾಜಧಾನಿಯನ್ನೇ ಜಕಾರ್ತಾದಿಂದ ಎತ್ತಿ ಕಾಲಿಮಂತಾನಿನ ನುಸಾಂತರಾಕ್ಕೆ ಒಯ್ಯೋ ಯೋಜನೆ. ಜಕಾರ್ತಾ ಕುಸೀತಿದೆ ಅನ್ನೋದು ಒಂದು ಕಾರಣ. ಅದೂ ಭೂಗೋಳದ ಶಾಪ ಅಂತ ವಿಡಿಯೋದಲ್ಲಿ ಹೇಳ್ತಾರೆ. ಅಲ್ರೀ, ನಲ್ಲಿ ನೀರು ಕೊಡದೆ ಊರೆಲ್ಲ ಬೋರ್‌ವೆಲ್ ಕೊರೆಸಿಕೊಂಡು ಅಂತರ್ಜಲ ಹೀರಿದರೆ ನೆಲ ಕುಸಿಯದೆ ಇರುತ್ತಾ? ಇನ್ನೊಂದು ಕಾರಣ, ಅಭಿವೃದ್ಧಿ ಜಾವಾದಿಂದ ಹೊರಗೆ ಹೋಗಲಿ ಅನ್ನೋದು. ಅದಕ್ಕೆ ಅಂದಾಜು 466 ಲಕ್ಷ ಕೋಟಿ ರುಪಿಯಾ. ಮಂತ್ರಿಗಳು, ಗುಮಾಸ್ತರು, ಅವರಿಗೆ ಬೇಕಾದ ಹೋಟೆಲ್ಲು ಅಲ್ಲಿಗೆ ಹೋಗಬಹುದು. ಆದರೆ ಗುಮಾಸ್ತರ ಊರಿನಿಂದ ವಾಪಸ್ ಬರೋ ಹಡಗಿನಲ್ಲಿ ಏನು ಹೇರೋದು, ಫೈಲಾ?

ಇದೇ ಹೊತ್ತಿನಲ್ಲಿ ಮಲುಕುವನ್ನು ದೇಶದ ಮೀನಿನ ಕಣಜ ಮಾಡ್ತೀವಿ ಅನ್ನೋ ಮಾತು 2010ರಿಂದ ಕೇಳಿಬರ್ತಾ ಇದೆ, ಅಧ್ಯಕ್ಷರು ಬದಲಾದರೂ ಮಾತು ಬದಲಾಗಿಲ್ಲ. ಬಾಂಡಾ, ಅರಫುರಾ ಸಮುದ್ರಗಳಲ್ಲಿ ಮೀನಿಗೆ ಬರ ಇಲ್ಲ. ಬೇಕಿರೋದು ಐಸು, ಕೋಲ್ಡ್ ಸ್ಟೋರೇಜು, ಕೈಕೊಡದ ಕರೆಂಟು, ಮೀನು ಡಬ್ಬಿಗೆ ತುಂಬೋ ಕಾರ್ಖಾನೆ, ಅದನ್ನು ನಡೆಸೋಕೆ ಅಲ್ಲೇ ಓದಿದ ಹುಡುಗ ಹುಡುಗಿಯರು. ಅಷ್ಟಾದರೆ ಸುರಬಾಯಾದಿಂದ ಸೋಪು ತಂದ ಹಡಗಿನ ಕಂಟೇನರುಗಳಲ್ಲಿ ಹೆಚ್ಚಿನವು ಮೀನು ತುಂಬಿಕೊಂಡು ವಾಪಸ್ ಹೋಗ್ತವೆ. 466 ಲಕ್ಷ ಕೋಟಿಯಲ್ಲಿ ಇದಕ್ಕೆ ಎಷ್ಟು ಪಾಲು ಬೇಕಾಗಬಹುದು ಅಂತ ಅಂಬೋನಿನ ಮೀನುಗಾರ ಕೇಳಿದರೆ, ‘ಏನು ಮಾಡೋದಪ್ಪ, ನಮ್ಮದು 17 ಸಾವಿರ ದ್ವೀಪದ ದೇಶ’ ಅಂತ ನಕ್ಷೆ ತೋರಿಸೋರು ಜಕಾರ್ತಾದಲ್ಲೂ ಇದ್ದಾರೆ.